ಲಾನವ್ವನ ಉಸಿರು

ಲೋಕದಲ್ಲಿ ಉಸಿರಾಡುವುದನ್ನೇ ನೌಕರಿ ಮಾಡಿಕೊಂಡವರು ಯಾರಾದರೂ ಇದ್ದರೆ ಅದು ಹುಬ್ಬಳ್ಳಿಯ ದಾಜಿಬಾನ ಪೇಟೆಯ ಲಾನವ್ವ. ಉಳಿದವರು ಅದನ್ನು ಬಿಟ್ಟಿ ಮಾಡುತ್ತಾರೆ, ಅದಕ್ಕೇ ನೆಟ್ಟಗೆ ಮಾಡುವುದಿಲ್ಲ ಎಂದು ಅವಳ ಅಭಿಪ್ರಾಯ. ಬೆಳಿಗ್ಗೆ ಗಂಜಿ ಉಂಡು, ಚಿಗರಿ ಬಸ್ಸು ಹಿಡಿದು ಧಾರವಾಡಕ್ಕೆ ಹೋಗಿ, ದೂರನಾಡಿ ಕೇಂದ್ರದ ದೊಡ್ಡ ಕೋಣೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕುಳಿತು, ಎದೆಗೆ ತೆಳ್ಳನೆಯ ಪಟ್ಟಿಯೊಂದನ್ನು ಕಟ್ಟಿಸಿಕೊಂಡು, ಸಂಜೆಯವರೆಗೆ ಉಸಿರಾಡಿ ಮನೆಗೆ ಬರುತ್ತಿದ್ದಳು. ಉಸಿರಾಟಕ್ಕೆ ಕೈ ಬೇಕಾಗುವುದಿಲ್ಲವಾದ್ದರಿಂದ ಆ ಹೊತ್ತಿನಲ್ಲಿ ಬಟಾಣಿ ಸುಲಿಯುತ್ತಿದ್ದಳು.

ಪಕ್ಕದ ಸ್ಟೂಲಿನ ಮೇಲೆ ಅವಳ ಗಂಡ ಚುಂಗಪ್ಪ ಥರ್ಮಾಸು ಕಾಯುತ್ತ ಕುಳಿತಿರುತ್ತಿದ್ದ. ಅವನ ಪೂರ್ತಿ ಹೆಸರು ಲಿಯಾವ್ ಚುಂಗ್-ಫು. ಚೀನಾದ ಹುಬೆಯ್ ಪ್ರಾಂತದಿಂದ ಹಲ್ಲು ಕಟ್ಟುವ ಪೆಟ್ಟಿಗೆ ಹೊತ್ತು ಬಂದ ಅವನ ಅಜ್ಜ, ಅಷ್ಟೆಲ್ಲ ಊರು ದಾಟಿ ಹುಬ್ಬಳ್ಳಿಯಲ್ಲೇ ಯಾಕೆ ನಿಂತ ಎಂಬುದಕ್ಕೆ ಮನೆಯಲ್ಲಿ ಎರಡು ಕಥೆಗಳಿದ್ದವು. ಇಲ್ಲಿಯ ಜನ ಎಲೆ, ಅಡಿಕೆ, ತಂಬಾಕು ಜಗಿಯುವ ರಭಸ ಕಂಡು ವಂಶದ ಭವಿಷ್ಯ ಇಲ್ಲೇ ಇದೆ ಎಂದುಕೊಂಡ ಎನ್ನುವುದು ಹೆಚ್ಚು ನಂಬಿಕೆಗೆ ಅರ್ಹವಾದದ್ದು. ಮೂರನೆಯ ತಲೆಮಾರಿಗೆ ಬರುವಷ್ಟರಲ್ಲಿ ಊರು ಹೆಸರಿಗೊಂದು ಅಪ್ಪನನ್ನು ಅಂಟಿಸಿ ಚುಂಗಪ್ಪ ಮಾಡಿತ್ತು. ಕೋಲ್ಕತ್ತಾದ ಚೀನೀಯರ ಕೇರಿ ಟ್ಯಾಂಗ್ರಾದಿಂದ ಮದುವೆಯಾಗಿ ಬಂದ ಶು-ಲಾನ್ ಲಾನವ್ವ ಆದದ್ದೂ ಅದೇ ಕಾನೂನಿನ ಪ್ರಕಾರ.

ಅಜ್ಜ ಕಂಡ ಭವಿಷ್ಯ ಮೊಮ್ಮಗನ ಕಾಲಕ್ಕೆ ಮುಗಿದುಹೋಯಿತು. ಒಸಡಿಗೆ ಹಲ್ಲಿನ ಬೀಜ ಹಾಕಿಸಿಕೊಂಡರೆ ಮಳೆಗಾಲ ಮುಗಿಯುವುದರೊಳಗೆ ಹೊಸ ಹಲ್ಲು ಮೊಳೆತು ಬರುವ ಕಾಲ ಬಂದಿತ್ತು. ಕಟ್ಟಿದ ಹಲ್ಲು ಯಾರಿಗೂ ಬೇಡ. ಚುಂಗಪ್ಪ ರವಿವಾರ ಮಾತ್ರ ದವಾಖಾನೆ ತೆರೆದು, ಧೂಳು ಝಾಡಿಸಿ, ಹಳೆಯ ಸ್ನೇಹಿತರಿಗೆ ಚಹಾ ಕೊಟ್ಟು ಬಾಗಿಲು ಹಾಕುತ್ತಿದ್ದ. ಬದಲಿಗೆ ಹೆಂಡತಿಯ ವಿದ್ಯೆ ಮೇಲೆದ್ದಿತು. ಅವಳ ಅಪ್ಪ ಟ್ಯಾಂಗ್ರಾದಲ್ಲಿ ಬೇರುಬೊಡ್ಡೆಗಳ ಅಂಗಡಿ ಇಟ್ಟುಕೊಂಡು ನಾಡಿ ನೋಡುತ್ತಿದ್ದವನು. ಅವಳು ಹುಬ್ಬಳ್ಳಿಗೆ ಬಂದ ಹೊಸದರಲ್ಲಿ, ಹಲ್ಲುನೋವಿಗೆ ಪಾಳಿ ಹಚ್ಚಿ ಕುಳಿತ ಹೆಂಗಸರ ಕೈ ಹಿಡಿದು ಹೊತ್ತು ಕಳೆಯುತ್ತ ಕನ್ನಡ ಕಲಿತಳು. ಅವರು ಹಲ್ಲು ಕೀಳಿಸಿಕೊಂಡು ಹೋಗುವಾಗ ಪಿತ್ತ, ನಿದ್ದೆ, ಸೊಸೆ ಎಲ್ಲದರ ಬಗ್ಗೆಯೂ ಸಲಹೆ ಪಡೆದು ಹೋಗುತ್ತಿದ್ದರು. ಚೀನಾದ ಪುಸ್ತಕಗಳಲ್ಲಿ ನಾಡಿಗೆ ಇಪ್ಪತ್ತೆಂಟು ನಡೆ. ಲಾನವ್ವ ಅವನ್ನು ಹುಬ್ಬಳ್ಳಿಗೆ ಒಗ್ಗಿಸಿದ್ದಳು. ಒಂದು ನಾಡಿ ತಾಟಿನಲ್ಲಿ ಮಣಿ ಉರುಳಿದ ಹಾಗೆ, ಒಂದು ತಂಬೂರಿಯ ತಂತಿಯ ಹಾಗೆ, ಒಂದು ಉಳ್ಳಾಗಡ್ಡಿಯ ತಪ್ಪಲನ್ನು ಅದುಮಿದ ಹಾಗೆ: ಮೇಲೆ ಬಿಗಿ, ಒಳಗೆ ಪೊಳ್ಳು.

ಇಂಥವಳನ್ನು ಹುಡುಕಿಕೊಂಡು ಬಂದವಳು ಧಾರವಾಡದ ಶಾಂಭವಿ ಕುಬಸದ. ಮುಟ್ಟುವಿಕೆಯ ಶಾಸ್ತ್ರದಲ್ಲಿ ದೊಡ್ಡ ಪದವಿ ಪಡೆದು, ದೂರದಿಂದ ಮುಟ್ಟುವ ಯಂತ್ರ ಕಟ್ಟಿದವಳು. ಏರ್ಪಾಡು ಸರಳ. ಊರೂರಿನ ಆರೋಗ್ಯ ಕೇಂದ್ರದಲ್ಲಿ ರೋಗಿಯ ಮಣಿಕಟ್ಟಿಗೆ ಒಂದು ಬಳೆ. ಬಳೆಯ ಒಳಮೈಯಲ್ಲಿ ಮೂರು ಬೆರಳಿನ ಜಾಗದಲ್ಲಿ ಮೂರು ಮೆತ್ತನೆಯ ಗುಂಡಿ. ಅಲ್ಲಿ ನಾಡಿ ಮಿಡಿದ ಹಾಗೆ, ಇಲ್ಲಿ ಪುಟ್ಟ ದಿಂಬಿನ ಮೇಲೆ ಮಲಗಿಸಿಟ್ಟ ರಬ್ಬರಿನ ಕೈ ಮಿಡಿಯುತ್ತದೆ. ಇಲ್ಲಿ ಲಾನವ್ವ ಎಷ್ಟು ಅದುಮುತ್ತಾಳೋ ಅಲ್ಲಿ ಗುಂಡಿಗಳೂ ಅಷ್ಟೇ ಅದುಮುತ್ತವೆ. ಬೀದರಿನ ಮುದುಕಿಯರು ಬಳೆಯತ್ತ ನೋಡಿ, "ಬೆರಳು ಬೆಚ್ಚಗ ಅದಾವ ನೋಡವ್ವ" ಎಂದು ಮೆಚ್ಚುತ್ತಿದ್ದರಂತೆ.

ಮೊದಲ ಸಲ ಅದನ್ನು ಕಂಡ ಲಾನವ್ವನಿಗೆ ಅಂಥ ಬೆರಗೇನೂ ಆಗಲಿಲ್ಲ.

"ಇದರಾಗ ಹೊಸದೇನ ಐತಿ ತಂಗಿ? ನಮ್ಮ ಚೀನಾದಾಗ ಮಹಾರಾಣಿ ಕೈ ಮುಟ್ಟೂ ಹಂಗಿರಲಿಲ್ಲ. ಪರದೆ ಆ ಕಡೆ ಆಕಿ, ಈ ಕಡೆ ವೈದ್ಯ. ಆಕಿ ಕೈಗೆ ರೇಶ್ಮಿ ದಾರ ಕಟ್ಟಿ, ಈ ತುದಿ ಹಿಡದ ರೋಗ ಹೇಳತಿದ್ರಂತ."

"ದಾರದಾಗ ನಾಡಿ ತಿಳೀತಿತ್ತೇನ್ರೀ ಅವ್ವಾರ?" ಶಾಂಭವಿ ಕಣ್ಣರಳಿಸಿದಳು.

"ನಮ್ಮಪ್ಪ ಹೇಳತಿದ್ದ: ವೈದ್ಯ ಮೊದಲ ಅಡಗಿಮನಿ ಬಾಗಿಲಿಗೆ ಹೋಗಿ ದಾಸೀನ್ನ ಎಲ್ಲಾ ಕೇಳ್ಕೊಂಡು ಬರತಿದ್ನಂತ. ಆಮ್ಯಾಲೆ ಕಣ್ಣ ಮುಚ್ಚಿ ದಾರ ಹಿಡಿಯಾಂವ."

ಬೇಗನೆ ಜಗಳ ಹತ್ತಿದ್ದು ಗಡಿಯಾರದ ವಿಷಯಕ್ಕೆ. ನಿಮಿಷಕ್ಕೆ ಎಷ್ಟು ಬಡಿತ ಎಂದು ಯಂತ್ರಕ್ಕೆ ಹಾಕೋಣವೇ ಎಂದು ಶಾಂಭವಿ ಕೇಳಿದಳು.

"ನಿಮಿಷ ಯಾರದು?" ಲಾನವ್ವ ಕೇಳಿದಳು.

"ಗಡಿಯಾರದ್ದರೀ."

"ಗಡಿಯಾರಕ್ಕ ಎಂದರ ಜ್ವರ ಬಂದೈತೇನು? ಜ್ವರಾನ ಕಾಣದಾವಗ ಮಂದಿ ಜ್ವರ ಹೆಂಗ ತಿಳೀತೈತಿ?"

ಅವಳ ಅಪ್ಪನ ಮನೆಯ ನಿಯಮವೇ ಬೇರೆ. ವೈದ್ಯ ಉಸಿರನ್ನು ಹದಕ್ಕೆ ತಂದುಕೊಂಡು, ತನ್ನ ಒಂದು ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ರೋಗಿಯ ನಾಡಿ ಎಷ್ಟು ಸಲ ಬಡಿಯಿತೆಂದು ನೋಡಬೇಕು. ನಾಲ್ಕು, ಆಗೊಮ್ಮೆ ಈಗೊಮ್ಮೆ ಐದು ಬಂದರೆ ಕ್ಷೇಮ. ಮೂರಕ್ಕೆ ಇಳಿದರೆ ಮೈಯಲ್ಲಿ ತಂಡಿ. ಆರಕ್ಕೆ ಏರಿದರೆ ಕಾವು. ಶಾಂಭವಿ ಸೋತಳು. ಸೋತದ್ದನ್ನು ಸಂಶೋಧನೆ ಎಂದು ಬರೆದು ಹೆಸರು ಮಾಡಿದಳು ಎನ್ನುವುದು ಬೇರೆ ಮಾತು. ಯಂತ್ರ ಲಾನವ್ವನ ಬಳಿ ವರ್ಷಗಟ್ಟಲೆ ಕಲಿತು, ತಾನೇ ಏಕಕಾಲಕ್ಕೆ ಸಾವಿರಾರು ಕೈಗಳನ್ನು ಹಿಡಿಯುವಷ್ಟಾದಾಗಲೂ ಅಳತೆ ಮಾತ್ರ ಅವಳ ಉಸಿರಿನದೇ ಉಳಿಯಿತು. ಎಲ್ಲರೂ ಅದನ್ನು ಶಿಷ್ಯ ಎಂದೇ ಕರೆಯುತ್ತಿದ್ದರು. ಎದೆಯ ಪಟ್ಟಿಯಿಂದ ಅವಳ ಒಂದೊಂದು ಉಸಿರೂ ಶಿಷ್ಯನಿಗೆ ಹೋಗಿ, ಬೆಳಗಾವಿಯಿಂದ ಬೀದರಿನವರೆಗಿನ ನಾಡಿಗಳನ್ನು ಅಳೆಯುತ್ತಿತ್ತು. ಸಂಶಯ ಬಂದ ನಾಡಿಯನ್ನು ಮಾತ್ರ ಅವಳು ಬಟಾಣಿ ಬದಿಗಿಟ್ಟು, ರಬ್ಬರಿನ ಕೈ ಹಿಡಿದು ನೋಡುವಳು.

ಅಪ್ಪನ ಆ ನಿಯಮವನ್ನು ಶಾಂಭವಿ ಚೆಂದದ ಅಕ್ಷರದಲ್ಲಿ ಬರೆಸಿ ಗೋಡೆಗೆ ಹಾಕಿಸಿದ್ದಳು: "ರೋಗವಿಲ್ಲದವನು ತನ್ನ ಉಸಿರಿನಿಂದ ರೋಗಿಯ ನಾಡಿಯನ್ನು ಅಳೆಯಲಿ." ಗೋಡೆಗೆ ಹಾಕಿದ ಎಲ್ಲ ಸುಭಾಷಿತಗಳಿಗೆ ಆಗುವಂತೆ ಅದನ್ನೂ ಮುಂದೆ ಯಾರೂ ಓದಲಿಲ್ಲ.

ಆ ಮನೆತನದ ಇನ್ನೊಂದು ನಿಯಮ ಗೋಡೆ ಹತ್ತಿರಲಿಲ್ಲ, ಆದರೆ ಚುಂಗಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ವೈದ್ಯ ತನ್ನ ನಾಡಿಯನ್ನು ತಾನು ನೋಡಿಕೊಳ್ಳಬಾರದು, ತನಗಿಂತ ಕಡಿಮೆ ಬಲ್ಲವರ ಕೈಗೂ ಕೊಡಬಾರದು. ಅಪ್ಪ ತೀರಿಕೊಂಡ ಮೇಲೆ ಈ ಲೆಕ್ಕದಲ್ಲಿ ಯಾರೂ ಉಳಿದಿರಲಿಲ್ಲ. ಅವಳ ಮಣಿಕಟ್ಟನ್ನು ಹಿಡಿಯುವ ಅಧಿಕಾರ ಇದ್ದದ್ದು ದುರ್ಗದಬೈಲಿನ ಬಳೆಗಾರನಿಗೆ ಮಾತ್ರ.

ದಸರೆ ಕಳೆದ ಮೇಲೆ ಒಂದು ದಿನ, ಕೇಂದ್ರದ ದೊಡ್ಡ ಪರದೆ ನೋಡಿಕೊಳ್ಳುವ ಮಕ್ತುಮ್ ನದಾಫ ತಲೆ ಕೆರೆದುಕೊಂಡ. ಪರದೆಯ ಮೇಲೆ ಒಂದೊಂದು ಊರೂ ಒಂದೊಂದು ದೀಪ. ಕ್ಷೇಮವಿದ್ದರೆ ಹಸಿರು, ತಂಡಿಯಿದ್ದರೆ ನೀಲಿ, ಕಾವಿದ್ದರೆ ಕೆಂಪು.

"ಮೇಡಂ, ಗದಗ ನೀಲಿ ಆಗಾಕತ್ತೈತ್ರೀ."

"ಚಳಿ ಬಿದ್ದಿರಬೇಕು," ಎಂದಳು ಶಾಂಭವಿ.

ಮುಂದಿನ ವಾರ ಬಾಗಲಕೋಟೆ ನೀಲಿಯಾಯಿತು. ಆಮೇಲೆ ರಾಯಚೂರು. ರಾಯಚೂರಿಗೆ ಚಳಿ ಬೀಳುವುದೆಂದರೆ ಏನೋ ದೊಡ್ಡದೇ ಆಗಿರಬೇಕು ಎಂದು ಎಲ್ಲರಿಗೂ ಗಾಬರಿಯಾಯಿತು. ಶಾಂಭವಿ ತಂತಿ, ಬಳೆ, ಶಿಷ್ಯ ಎಲ್ಲವನ್ನೂ ತಪಾಸಣೆ ಮಾಡಿಸಿದಳು. ಕೊನೆಗೆ ಲಾನವ್ವನನ್ನೇ ಕೇಳಿದಳು.

ಲಾನವ್ವ ಕೈ ಒರೆಸಿಕೊಂಡು, ರಬ್ಬರಿನ ಕೈಯ ಮೇಲೆ ಮೂರು ಬೆರಳಿಟ್ಟು, ಕಣ್ಣು ಮುಚ್ಚಿದಳು. ರಾಯಚೂರಿನ ಯಾರೋ ಒಬ್ಬ ಕಿರಾಣಿ ಅಂಗಡಿಯವನ ನಾಡಿ ಅದು.

"ನಿಧಾನ ಐತಿ. ಮೂರು... ಮೂರ ಬಡಿತ. ಶಿಷ್ಯ ತಪ್ಪ ಹೇಳಿಲ್ಲ ತಂಗಿ, ಖರೇನ ತಂಡಿ ಐತಿ."

ಗುರುವೂ ಶಿಷ್ಯನೂ ಒಂದೇ ಮಾತು ಹೇಳಿದ ಮೇಲೆ ಇನ್ನು ವಿಚಾರಿಸುವುದೇನು? ದೂರನಾಡಿ ಮಂಡಳಿ ಸಭೆ ಸೇರಿತು. ನೀರಿನಲ್ಲಿ ದೋಷ ಎಂದರು ಕೆಲವರು, ಹೊಸ ಜೋಳದ ತಳಿ ಎಂದರು ಇನ್ನು ಕೆಲವರು. ಕಾರಣ ಗೊತ್ತಾಗದಿದ್ದರೂ ಮದ್ದು ಗೊತ್ತಿತ್ತು. ಒಣಶುಂಠಿಯ ಕಷಾಯ, ಹೊತ್ತಿಗೊಂದು ಲೋಟ. ಊರೂರಲ್ಲಿ ಶುಂಠಿ ಸಪ್ತಾಹ ಶುರುವಾಯಿತು. ಏಳು ದಿನ ಕಳೆದ ಮೇಲೂ ನಿಲ್ಲದ ಮೊದಲ ಸಪ್ತಾಹ ಅದೇ ಇರಬೇಕು, ಯಾಕೆಂದರೆ ಎಷ್ಟು ಕುಡಿದರೂ ನೀಲಿ ದೀಪ ಹಸಿರಾಗಲಿಲ್ಲ. ಶಾಲೆಯಲ್ಲಿ ಪ್ರಾರ್ಥನೆಗಿಂತ ಮೊದಲು ಕಷಾಯ, ಮದುವೆಯಲ್ಲಿ ಶರಬತ್ತಿನ ಬದಲು ಕಷಾಯ. ಮಕ್ತುಮ್ ತನ್ನ ಮನೆಯಲ್ಲಿ ದೊಡ್ಡ ಪಾತೇಲಿಯಲ್ಲಿ ಕುದಿಸಿ, ಕುಡಿಯದವರಿಗೆ ಊಟವಿಲ್ಲ ಎಂದು ಕಾನೂನು ಮಾಡಿದ್ದ.

ರವಿವಾರ ಚುಂಗಪ್ಪ ದವಾಖಾನೆಯ ಬಾಗಿಲು ತೆರೆದಾಗ ಹೊರಗೆ ಮಂದಿ ನಿಂತಿದ್ದರು. ಅಂಥ ನೋಟ ಕಂಡು ಎಷ್ಟೋ ಕಾಲವಾಗಿತ್ತು. ಯಾವುದೋ ಮೆರವಣಿಗೆಯಿರಬೇಕೆಂದು ಪಕ್ಕಕ್ಕೆ ಸರಿದು ನಿಂತ. ಎಲ್ಲರಿಗಿಂತ ಮೊದಲು ಒಳನುಗ್ಗಿದವಳು ಹಳೆಯ ಗಿರಾಕಿ, ಕಾಯಿಪಲ್ಲೆ ಮಾರುವ ಬಸಲಿಂಗವ್ವ.

"ಡಾಕ್ಟರ, ಬಾಯಿ ನೋಡ್ರಿ. ಖಾರ ಬಿಡ್ರಿ, ಮೊಸರ ಇಟ್ರೂ ಉರೀತೈತಿ."

ಚುಂಗಪ್ಪ ದೀಪ ಹಾಕಿ ನೋಡಿದ. ತುಂಬ ಹುಣ್ಣು. ನಾಲಗೆ ಕುಂಕುಮದ ಹಾಗೆ ಕೆಂಪು. ಮುಂದಿನವನ ಬಾಯಿಯೂ ಹಾಗೇ, ಅದರ ಮುಂದಿನವಳದೂ ಹಾಗೇ. ಹೆಂಡತಿಯ ಮಾತು ಕೇಳಿ ಕೇಳಿ ಅವನಿಗೆ ಇಷ್ಟಂತೂ ತಿಳಿದಿತ್ತು: ತಂಡಿಯಿದ್ದವರ ನಾಲಗೆ ಬಿಳಚಿಕೊಂಡಿರುತ್ತದೆ, ಕಾವಿದ್ದವರದು ಕೆಂಪಗಿರುತ್ತದೆ.

"ಬಸಲಿಂಗವ್ವಾ, ನಿನ್ನ ನಾಡಿ ಏನಂದೈತಿ?"

"ತಂಡಿ ಅಂತರೀ. ಮೈಯಾಗ ಬೆಂಕಿ ಬಿದ್ಧಂಗ ಆಗೈತಿ, ಬಳಿ ಮಾತ್ರ ತಂಡಿ ಅಂತೈತಿ. ಲಾನವ್ವನ ಬಳಿ ಸುಳ್ಳ ಹೇಳತೈತೇನ್ರಿ? ನನ್ನ ಮೈಯ ಸುಳ್ಳ ಹೇಳತಿರಬೇಕು ಅಂತ ಸುಮ್ಮನ ಕುಡಿಯಾಕತ್ತೇನಿ."

ನಂಬಿಕೆ ಎಂದರೆ ಇದು ಎಂದುಕೊಂಡ ಚುಂಗಪ್ಪ. ತನ್ನ ಕಟ್ಟಿದ ಹಲ್ಲಿನ ವಿಷಯದಲ್ಲಿ ಇದೇ ಬಸಲಿಂಗವ್ವ ಇಷ್ಟು ಉದಾರಿಯಾಗಿರಲಿಲ್ಲ.

ಸಂಜೆ, ಲಾನವ್ವ ಸೊಪ್ಪು ಸೋಸುತ್ತಿದ್ದಾಗ, ಅವನು ನಾಲ್ಕು ಸಲ ಕೆಮ್ಮಿ ವಿಷಯ ತೆಗೆದ. ಜನರ ನಾಲಗೆ ಕೆಂಪಗಿವೆ, ಕಾವಿನ ಲಕ್ಷಣ, ನಾಡಿಯಲ್ಲಿ ಏನಾದರೂ ಹೆಚ್ಚುಕಡಿಮೆ ಆಗಿರಬಹುದೇ ಎಂದ. ಹೇಳಿ ಮುಗಿಸಿ ಗೋಡೆಗೆ ಒರಗಿದ. ಲಾನವ್ವನ ಬೈಗುಳವನ್ನು ಒರಗಿಕೊಂಡೇ ಕೇಳುವುದು ಕ್ಷೇಮ. ಮದುವೆಯಾದಾಗಿನಿಂದ ಅವನು ಬಲ್ಲ: ಅದು "ಏನ್ರೀ" ಎಂದು ಹೊರಟರೆ "ನನ್ನ ಹಣೇಬರ" ಎನ್ನುವ ಊರು ಮುಟ್ಟುವವರೆಗೆ ನಡುವೆ ಎಲ್ಲೂ ನಿಲ್ಲದ ಗಾಡಿ. ಒಂದೇ ಉಸಿರಿನಲ್ಲಿ ಅವನ ಮನೆತನ, ಅವನ ಕಸುಬು, ಹುಬ್ಬಳ್ಳಿಯ ನಳದ ನೀರು ಎಲ್ಲವೂ ಅದರಲ್ಲಿ ಹಾದುಹೋಗುತ್ತಿದ್ದವು. ಉತ್ತರ ಕೊಡಲು ಅವನಿಗೆ ಇಂದಿನವರೆಗೂ ಸಂದು ಸಿಕ್ಕಿರಲಿಲ್ಲ.

"ಏನ್ರೀ, ಹಲ್ಲ ಕೀಳಾವ್ರು ನಾಡಿ ಸುದ್ದಿಗೆ ಯಾವಾಗಿಂದ ಬಂದ್ರಿ, ನಮ್ಮಪ್ಪ ನನ್ನ ಬೆರಳ ತುದಿ ಮ್ಯಾಲೆ ಅಕ್ಕಿಕಾಳ ಇಟ್ಟ ಕಲಿಸ್ಯಾನ, ನಿಮಗ ನಿಮ್ಮ ಚಾಳೀಸ ಎಲ್ಲಿಟ್ಟೀರಿ ಅನ್ನೂದ ತಿಳಿಯಂಗಿಲ್ಲ, ನಾಕ ಮಂದಿ ಬಾಯಾಗ ಇಣಿಕಿ ಬಂದು..."

ಲಾನವ್ವನ ಮಾತು ನಿಂತಿತು. ಒಂದು ಉಸಿರು ತೆಗೆದುಕೊಂಡಳು. ಇನ್ನೊಂದು ತೆಗೆದುಕೊಂಡಳು.

"...ನನಗ ಹೇಳಾಕ ಬಂದೀರಿ?"

ಮತ್ತೆ ಉಸಿರು.

ಚುಂಗಪ್ಪನಿಗೆ ಜೀವಮಾನದಲ್ಲಿ ಮೊದಲ ಬಾರಿಗೆ ಉತ್ತರ ಕೊಡಲು ಜಾಗ ಸಿಕ್ಕಿತು. ಅವನು ಅದನ್ನು ಬಿಟ್ಟು, ಕುರ್ಚಿಯ ಮೇಲೆ ಕುಳಿತು ಅವಳ ಉಸಿರನ್ನೇ ನೋಡತೊಡಗಿದ. "ಹೇಳ್ರಿ ಮತ್ತ, ಏನ ಗುಮ್ಮನಂಗ ಕುಂತೀರಿ?" ಎಂದು ಲಾನವ್ವ ಕೇಳಿದಳು. "ಏನಿಲ್ಲ, ನೀ ಹೇಳಿದ್ದ ಖರೆ ಐತಿ," ಎಂದ. ಅವಳಿಗೂ ಸಂಶಯ ಬಂದಿರಬೇಕು. ಅಂಥ ಮಾತನ್ನು ಅವನು ಅಷ್ಟು ಬೇಗ ಒಪ್ಪುವವನಲ್ಲ.

ಮರುದಿನ ಕೇಂದ್ರದಲ್ಲಿ ಅವನು ಸ್ಟೂಲನ್ನು ಬೆತ್ತದ ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡು ಕುಳಿತ. ಅವಳ ಉಸಿರಿಗೆ ತನ್ನ ಉಸಿರನ್ನು ಹೊಂದಿಸಿದ. ಅವಳು ಎಳೆದಾಗ ಎಳೆದು, ಬಿಟ್ಟಾಗ ಬಿಟ್ಟ. ಬುಟ್ಟಿಯ ಬಟಾಣಿ ಅರ್ಧ ಮುಗಿಯುವುದರೊಳಗೆ ಅವನಿಗೆ ತಲೆ ತಿರುಗಿ ಕಣ್ಣಿಗೆ ಕತ್ತಲೆ ಬಂತು. ಅಷ್ಟು ಅವಸರದ ಉಸಿರು. ಗೋಡೆ ಹಿಡಿದು ಎದ್ದವನು ಎದುರಿಗಿದ್ದ ಸುಭಾಷಿತವನ್ನು ಓದಿದ. ಅದನ್ನು ಹಾಕಿಸಿದ ಮೇಲೆ ಪೂರ್ತಿ ಓದಿದ ಮೊದಲ ಮನುಷ್ಯ ಅವನೇ.

ಗಾಜಿನ ಆಚೆ ಶಾಂಭವಿಯ ಮೇಜಿಗೆ ಹೋದ.

"ಶಾಂಭವಿ, ನಿನ್ನ ಯಂತ್ರದಾಗ ಗಡಿಯಾರ ಐತೇನವಾ?"

"ಐತ್ರೀ ಕಾಕಾ. ಮೂಲ್ಯಾಗ ಐತಿ, ಅದನ್ನ ಯಾರೂ ಕೇಳಂಗಿಲ್ಲ."

"ಒಮ್ಮೆ ಕೇಳು. ಅದರ ನಿಮಿಷಕ್ಕ ಮಂದಿ ನಾಡಿ ಎಷ್ಟ ಬಡಿಯಾಕತ್ತೈತಿ?"

ಶಾಂಭವಿ ಕಾಕಾನ ಸಮಾಧಾನಕ್ಕೆಂದು ಬೆರಳಾಡಿಸಿದಳು. ಆಮೇಲೆ ತನ್ನ ಸಮಾಧಾನಕ್ಕೆಂದು ಇನ್ನೊಮ್ಮೆ ಆಡಿಸಿದಳು.

"ಎಪ್ಪತ್ತೆರಡರ ಆಸುಪಾಸು. ಹ್ವಾದ ವರ್ಷನೂ ಅಷ್ಟ..." ಅವಳ ಧ್ವನಿ ತಗ್ಗಿತು. "ಏನೂ ಬದಲಾಗಿಲ್ಲ ಕಾಕಾ."

"ಅಂದ್ರ ಯಾರಿಗೂ ತಂಡಿ ಇಲ್ಲೇನ್ರೀ?" ಮಕ್ತುಮ್ ಎದ್ದು ನಿಂತ.

"ಯಾರಿಗೂ ಇಲ್ಲ."

"ಯಾ ಅಲ್ಲಾ! ನಮ್ಮ ಮಾವನ್ನ ಹಿಡದ ಕುಡಿಸೇನ್ರೀ ನಾ!"

ಶಾಂಭವಿ ಅವನ ಮಾತು ಕೇಳಲಿಲ್ಲ. ಎದೆಯ ಪಟ್ಟಿಯ ಗೆರೆಯನ್ನು ಪರದೆಯ ಮೇಲೆ ತೆರೆದಿದ್ದಳು. ದಸರೆಯಿಂದ ಇಲ್ಲಿಯವರೆಗೆ ಉಸಿರಿನ ಅಲೆಗಳು ಒಂದಕ್ಕೊಂದು ಹತ್ತಿರ ಹತ್ತಿರ ಸರಿಯುತ್ತ, ಮೊದಲು ಎರಡಿದ್ದ ಜಾಗದಲ್ಲಿ ಈಗ ಮೂರು ತುರುಕಿಕೊಂಡು ನಿಂತಿದ್ದವು. ಉಸಿರು ಗಿಡ್ಡದಾದರೆ ಅದರೊಳಗೆ ಹಿಡಿಸುವ ಬಡಿತವೂ ಕಡಿಮೆ. ಮೊದಲೇ ನಾಡಿ ಕೊಂಚ ನಿಧಾನವಿದ್ದ ಊರು ಮೊದಲು ನೀಲಿಯಾಗಿತ್ತು, ಉಳಿದವು ಆಮೇಲೆ. ಬೆಳಗಾವಿಯಿಂದ ಬೀದರಿನವರೆಗೆ ಎಲ್ಲರೂ ಕ್ಷೇಮ. ಕ್ಷೇಮವಿಲ್ಲದ ಒಬ್ಬಳು ಗಾಜಿನ ಆಚೆ ಕುಳಿತು, ಹುಳುಕು ಬಟಾಣಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಎಲ್ಲಾ ತಪಾಸ ಮಾಡಿಸಿದೆ ಕಾಕಾ," ಶಾಂಭವಿಯ ಕಣ್ಣು ತುಂಬಿತು. "ತಂತಿ, ಬಳಿ, ನೀರು, ಜೋಳ. ಅವ್ವಾರನ್ನ ಮಾತ್ರ ನೋಡಲಿಲ್ಲ."

"ವ್ಯಾಳ್ಯಾ ಎಷ್ಟಾತು ಅಂತ ನೋಡಾವ್ರ ಎಲ್ಲಾರೂ. ಗಡಿಯಾರ ಹೆಂಗೈತಿ ಅಂತ ಯಾರ ನೋಡತಾರವಾ? ನಾ ಬಾಜೂಕ ಕುಂತಿದ್ದೆ, ನಾನ ನೋಡಿಲ್ಲ."

"ಈಗ ಅವ್ವಾರಿಗೆ ಯಾರ ಹೇಳೂದು? ದವಾಖಾನಿಗೆ ಬಾ ಅಂದ್ರ ಬರತಾರೇನ್ರೀ? ಕೈಯ ಕೊಡಂಗಿಲ್ಲ."

ಮಕ್ತುಮ್‌ಗೆ ಅಷ್ಟರಲ್ಲಿ ಮೇಜಿನ ಕೆಳಗಿನ ಒಂದು ತಂತಿಯನ್ನು ತುರ್ತಾಗಿ ಪರೀಕ್ಷಿಸಬೇಕಾಗಿ ಬಂತು.

ಆ ಸಂಜೆ ಚುಂಗಪ್ಪ ದವಾಖಾನೆಯ ಹಳೆಯ ಪರದೆಯನ್ನು ಹಲ್ಲಿನ ಕುರ್ಚಿಯ ಪಕ್ಕಕ್ಕೆ ಎಳೆದು ಕಟ್ಟಿದ. ಕಪಾಟಿನಿಂದ ಹಲ್ಲಿನ ಸಂದಿಗೆ ಹಾಕುವ ಮೇಣದ ದಾರದ ಡಬ್ಬಿ ತೆಗೆದ. ಹೆಂಡತಿಯನ್ನು ಕರೆದು ಕುರ್ಚಿಯಲ್ಲಿ ಕೂರಿಸಿದ.

"ಏನ್ರೀ ಇದು? ನನ್ನ ಹಲ್ಲ ಚೊಲೋ ಅದಾವ."

"ಮಹಾರಾಣಿಯವರು ಕೈ ಮುಂದ ಮಾಡಬೇಕು."

"ಹುಚ್ಚ ಹಿಡದೈತೇನು?"

"ಕೈ ಮುಟ್ಟಂಗಿಲ್ಲ. ನಿಮ್ಮಪ್ಪನ ಮಾತ ಮೀರಂಗಿಲ್ಲ. ದಾರ ಅಷ್ಟ."

ಲಾನವ್ವನಿಗೆ ನಗು ಬಂತು. ನಗುವಿಗೂ ಈಗ ಉಸಿರು ಸಾಲುತ್ತಿರಲಿಲ್ಲ ಎಂಬುದನ್ನು ಅವನು ಗಮನಿಸಿದ. ಬೆರಳು ತಾಗದಂತೆ ಮಣಿಕಟ್ಟಿಗೆ ದಾರ ಸುತ್ತಿ ಗಂಟು ಹಾಕಿ, ಇನ್ನೊಂದು ತುದಿ ಹಿಡಿದು ಪರದೆಯ ಹಿಂದೆ ಹೋಗಿ ಕುಳಿತ. ದಾರದಲ್ಲಿ ಬಂದದ್ದು ಪುದೀನಾದ ವಾಸನೆ ಮಾತ್ರ.

"ಏನ ತಿಳೀತ್ರೀ ರಾಜವೈದ್ಯರ?" ಆಚೆಯಿಂದ ಧ್ವನಿ ಬಂತು.

"ಮಹಾರಾಣಿಯವರಿಗೆ ಪಾವಟಿಗಿ ಹತ್ತಿದ್ರ ದಮ್ಮ ಬರತೈತಿ. ಬಸ್ ಇಳದ ಮ್ಯಾಲೆ ಪ್ಯಾಟಿ ನೋಡೋ ನೆವದಾಗ ನಿಂತ ಸುಧಾರಿಸ್ಕೊಂತಾರ. ಕಾಲ ಬಾವು ಬಂದಾವ, ಅದಕ್ಕ ಚಪ್ಪಲಿ ಪಟ್ಟಿ ಸಡ್ಲ ಮಾಡ್ಯಾರ."

ಆಚೆ ಲಾನವ್ವ ಕಾಲು ಹಿಂದಕ್ಕೆ ಎಳೆದುಕೊಂಡ ಸದ್ದು.

"ಮತ್ತ?"

"ಗಂಡಗ ಬೈಯೂಮುಂದ ನಡುವ ಉಸರ ತಗೋತಾರ."

ಹೊರಗೆ ರಸ್ತೆಯಲ್ಲಿ ಯಾರೋ ಶೇಂಗಾ ಮಾರಿಕೊಂಡು ಹೋದರು.

"ಯಾವ ದಾಸೀನ್ನ ಕೇಳ್ಕೊಂಡ ಬಂದ್ರಿ?"

"ಈ ಮನ್ಯಾಗ ದಾಸಿ ಅಂದ್ರ ನಾನ ಅಲ್ಲೇನು."

ಚುಂಗಪ್ಪ ದಾರದ ತುದಿಯನ್ನು ಬೆರಳಿಗೆ ಸುತ್ತುತ್ತ, ಆದಷ್ಟು ಮೆತ್ತಗೆ ಕೇಳಿದ: "ಲಾನ್, ನಿಮ್ಮಪ್ಪ ಉಸರಿಂದು ಏನೋ ಹೇಳತಿದ್ನಲ್ಲಾ, ಏನದು?"

"ಏನ ಹೊಸದೇನು? ರೋಗ ಇಲ್ಲದಾಂವ ತನ್ನ ಉಸರಲೆ..."

ಅಲ್ಲಿಗೆ ನಿಲ್ಲಿಸಿದಳು. ಈ ಸಲ ನಿಂತದ್ದು ದಮ್ಮಿನಿಂದಲ್ಲ. ಚುಂಗಪ್ಪ ಕಾದ. ಅವಳ ತಲೆಯಲ್ಲಿ ಗದಗ, ಬಾಗಲಕೋಟೆ, ರಾಯಚೂರು ಒಂದೊಂದಾಗಿ ನೀಲಿಯಿಂದ ಹಸಿರಿಗೆ ತಿರುಗುತ್ತಿರುವುದು ಪರದೆಯ ಈಚೆಯಿಂದಲೇ ಅವನಿಗೆ ಕಂಡಂತಾಯಿತು.

"ಅಂದ್ರ ಮಂದಿಗೆ ತಂಡಿ..."

"ಇಲ್ಲ."

"ಅಷ್ಟೂ ಮಂದಿಗೆ ಶುಂಠಿ ಕುಡಿಸಿದೆ ನಾ? ಆ ರಾಯಚೂರಾವನ ಕೈ ಹಿಡದ, ಖರೇನ ಅಂದೆ?"

"ಬಾಯಾಗ ನಾಕ ಹುಣ್ಣ ಆಗ್ಯಾವ, ಅಷ್ಟ. ನನ್ನ ದವಾಖಾನಿ ನಡೀತು. ನೀನೂ ಒಮ್ಮೆ ನನಗ ಗಿರಾಕಿ ಕಳಿಸಿಧಂಗಾತು."

ಪರದೆಯ ಕೆಳಗಿನಿಂದ ಒಂದು ಕೈ ಈಚೆ ಬಂತು. ಅಂಗೈ ಮೇಲಾಗಿ, ಮಣಿಕಟ್ಟಿನಲ್ಲಿ ಬಿಳಿಯ ದಾರ.

"ಹಿಡೀರಿ."

ಚುಂಗಪ್ಪ ಅಂಗೈಯನ್ನು ಅಂಗಿಗೆ ಒರೆಸಿಕೊಂಡ.

"ಮೂರ ಬೆರಳ ಇಡ್ರಿ. ಹೆಬ್ಬೆರಳ ಬ್ಯಾಡ, ಅದರಾಗ ನಿಮ್ದ ಬಡಿತೈತಿ. ಹಗೂರಕ. ಹಲ್ಲ ಕಿತ್ತಂಗಲ್ಲ."

ಅವನು ಹಿಡಿದ. ಊರಿನವರೆಲ್ಲರ ಕೈ ಹಿಡಿದ ಆ ಕೈ ಹಗುರಾಗಿತ್ತು, ಸ್ವಲ್ಪ ತಣ್ಣಗಿತ್ತು, ಬಟಾಣಿಯ ಹಸಿ ವಾಸನೆ ಬರುತ್ತಿತ್ತು. ಒಳಗೆ ಏನೋ ಸಣ್ಣದಾಗಿ, ಅವಸರದಲ್ಲಿ, ಬಾಗಿಲು ತಟ್ಟಿದ ಹಾಗೆ ಬಡಿಯುತ್ತಿತ್ತು. ಮಣಿ, ತಂತಿ, ಉಳ್ಳಾಗಡ್ಡಿಯ ತಪ್ಪಲು ಎಲ್ಲವನ್ನೂ ನೆನಪಿಸಿಕೊಂಡ. ಯಾವುದೂ ಹೊಂದಲಿಲ್ಲ.

"ಹೆಂಗೈತಿ?" ಅವಳು ಕೇಳಿದಳು.

"ತಿಳಿಯವಲ್ದು ಲಾನ್. ನನ್ನ ಉಸರ ಹದಕ್ಕಿಲ್ಲ."

ಲಾನವ್ವನ ಹೃದಯದ ಒಂದು ಕವಾಟ ಸವೆದು, ರಕ್ತ ಹಿಂದಕ್ಕೆ ಸೋರುತ್ತ, ಎದೆಗೂಡಿನಲ್ಲಿ ನೀರು ತುಂಬುತ್ತಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದರು ದೊಡ್ಡ ಆಸ್ಪತ್ರೆಯವರು. ಹಲ್ಲಿನ ಬೀಜ ಬಿತ್ತುವ ಕಾಲದಲ್ಲಿ ಕವಾಟ ಬೆಳೆಸುವುದೇನು ದೊಡ್ಡ ಮಾತಾಗಿರಲಿಲ್ಲ. ಆದರೂ ಅವಳು ಒಳಗಿದ್ದಷ್ಟು ಹೊತ್ತು ಚುಂಗಪ್ಪ ಹೊರಗಿನ ಬೆಂಚಿನ ಮೇಲೆ ಬೆರಳಿಗೆ ದಾರ ಸುತ್ತಿ ಬಿಚ್ಚಿ, ಬಿಚ್ಚಿ ಸುತ್ತಿ, ಡಬ್ಬಿ ಖಾಲಿ ಮಾಡಿದ.

ಮಂಡಳಿಯವರು ತಾಂತ್ರಿಕ ಕಾರಣಗಳಿಂದ ಶುಂಠಿ ಸಪ್ತಾಹ ನಿಲ್ಲಿಸಲಾಗಿದೆ ಎಂದು ಪ್ರಕಟಣೆ ಸಿದ್ಧಪಡಿಸಿದರು. ಲಾನವ್ವ ಹಾಸಿಗೆಯಿಂದಲೇ ಅದನ್ನು ತಡೆದಳು. "ತಾಂತ್ರಿಕ ಅಂದ್ರ ಯಂತ್ರದ ಮ್ಯಾಲೆ ಹೋಗತೈತಿ. ನನ್ನ ಶಿಷ್ಯಾ ಹೇಳಿಕೊಟ್ಟಷ್ಟ ಮಾಡೈತಿ. ನಾಡಿ ನೋಡಾಕಿಗೆ ಆರಾಮಿರಲಿಲ್ಲ, ಆಕಿಗೆ ಗೊತ್ತಾಗಲಿಲ್ಲ ಅಂತ ಹಾಕ್ರಿ." ಹಾಗೇ ಹಾಕಿದರು. ಜನ ಬೈಯುತ್ತಾರೆಂದು ಮಂಡಳಿ ಹೆದರಿತ್ತು. ಊರೂರ ಆರೋಗ್ಯ ಕೇಂದ್ರಗಳಿಂದ ಬಂದದ್ದು ಒಂದೇ ಪ್ರಶ್ನೆ: ಅವ್ವ ಹೇಗಿದ್ದಾಳೆ? ಮರುದಿನವೇ ಬಸಲಿಂಗವ್ವ ದೊಡ್ಡ ಫ್ಲಾಸ್ಕಿನ ತುಂಬ ಶುಂಠಿ ಕಷಾಯ ಹಿಡಿದು ಆಸ್ಪತ್ರೆಗೆ ಬಂದಳು. "ಈಗ ನಿಂದ ಪಾಳಿ, ಕುಡಿ," ಎಂದು ಲೋಟ ಮುಂದೆ ಹಿಡಿದಳು. ಲಾನವ್ವ ಕುಡಿದಳು.

ಇನ್ನು ಉಳಿದದ್ದು ಕುರ್ಚಿಯ ಪ್ರಶ್ನೆ. ಶಾಂಭವಿ ಕಲಿತ ಪಾಠಕ್ಕೆ ತಕ್ಕಂತೆ, ಸುಭಾಷಿತದ ಕೆಳಗೇ ಒಂದು ಗೋಡೆ ಗಡಿಯಾರ ಹಾಕಿಸಿದಳು. ಇನ್ನು ಮೇಲೆ ಎರಡೂ ಅಳತೆ ಪಕ್ಕಪಕ್ಕದಲ್ಲಿ. ಲಾನವ್ವ ಒಪ್ಪಿದಳು. "ಗಡಿಯಾರಕ್ಕ ಜಡ್ಡ ಬರಂಗಿಲ್ಲ, ಖರೆ. ಕಾವಲಕ್ಕ ಇರಲಿ." ಅವಳು ಸುಧಾರಿಸಿಕೊಳ್ಳುವವರೆಗೆ ಯಾರಾದರೂ ಉಸಿರಾಡಬೇಕಲ್ಲ? ಎಲ್ಲರನ್ನೂ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ, ಪಟ್ಟಿ ಕಟ್ಟಿ ನೋಡಿದರು. ಶಾಂಭವಿ ಪರದೆ ನೋಡುವಾಗ ಉಸಿರು ಬಿಡುವುದನ್ನೇ ಮರೆಯುತ್ತಿದ್ದಳು. ಮಕ್ತುಮ್‌ನ ಉಸಿರು ಕ್ರಿಕೆಟ್ಟಿನ ರನ್ನಿನ ಜೊತೆ ಏರಿಳಿಯುತ್ತಿತ್ತು. ಗೆದ್ದವನು ಚುಂಗಪ್ಪ. ಜೀವಮಾನವೆಲ್ಲ ಪರರ ಬಾಯಿಗೆ ಮೂಗು ಕೊಟ್ಟು ಬದುಕಿದವನಿಗೆ ಉಸಿರನ್ನು ಹದವಾಗಿ ಖರ್ಚು ಮಾಡುವುದು ಗೊತ್ತಿರುತ್ತದೆ. ಅವನು ಬೆತ್ತದ ಕುರ್ಚಿ ಏರಿದ. ದೀಪಗಳೆಲ್ಲ ಹಸಿರಾದವು. ಬಟಾಣಿಯ ಬುಟ್ಟಿಯೂ ಅವನ ತೊಡೆಗೆ ಬಂತು.

ಶಿವರಾತ್ರಿಯ ಹೊತ್ತಿಗೆ ಒಂದು ಮಧ್ಯಾಹ್ನ, ಯಾರಿಗೂ ಹೇಳದೆ, ಒಬ್ಬಳೇ ಬಸ್ಸು ಹತ್ತಿ ಇಳಿದು, ಮೂರು ಮಹಡಿಯ ಮೆಟ್ಟಿಲನ್ನೂ ಏರಿ ಲಾನವ್ವ ಕೇಂದ್ರದ ಬಾಗಿಲಲ್ಲಿ ಬಂದು ನಿಂತಳು. ಕೆನ್ನೆಗೆ ಬಣ್ಣ ಬಂದಿತ್ತು. ಚಪ್ಪಲಿಯ ಪಟ್ಟಿ ಬಿಗಿಯಾಗಿತ್ತು. ಕುರ್ಚಿಯಲ್ಲಿ ಕುಳಿತ ಗಂಡನನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು.

"ಏನ್ರೀ, ಸಿಪ್ಪಿ ಬ್ಯಾರೆ ಕಾಳ ಬ್ಯಾರೆ ಮಾಡೂದಂದ್ರ ಇದೇನ್ರೀ, ಹಲ್ಲ ಕಿತ್ತ ಕಿತ್ತ ಒಗಿಯೂದ ರೂಢಿ ಆಗಿ ಕಾಳ ಒಗದ ಸಿಪ್ಪಿ ಇಟ್ಕೊಂಡೀರಿ, ನಿಮ್ಮ ಅಜ್ಜ ಅಷ್ಟ ದೂರಿಂದ ಪೆಟಗಿ ಹೊತ್ತ ಬಂದದ್ದು ಇದಕ್ಕೇನು, ಮನ್ಯಾಗ ನೋಡಿದ್ರ ಗಂಜಿ ತಳ ಹಿಡದೈತಿ, ನಳದ ನೀರ ಬಂದ ಹೋಗೈತಿ, ಎಲ್ಲಾ ಬಿಟ್ಟ ಇಲ್ಲಿ ಮಹಾರಾಜನಂಗ ಕುಂತ ಉಸರಾಡಾಕತ್ತೀರಿ, ನನ್ನ ಹಣೇಬರ!"

ಗಾಡಿ ಎಲ್ಲೂ ನಿಲ್ಲಲಿಲ್ಲ. ಹೊರಟ ಉಸಿರಿನಲ್ಲೇ ಊರು ಮುಟ್ಟಿತು.

ಅತ್ತ ಗಾಜಿನ ಆಚೆ ಮಕ್ತುಮ್ ಕುರ್ಚಿಯಿಂದ ಹಾರಿ ಎದ್ದ. "ಮೇಡಂ! ಬೀದರ ಕೆಂಪ! ಕಲಬುರ್ಗಿ ಕೆಂಪ! ಎಲ್ಲಾ ಊರೂ ಕೆಂಪ ಆದುವ್ರೀ! ಏಳು... ಹತ್ತು... ಹನ್ನೆರಡ ಬಡಿತ! ಮಂದಿಗೆಲ್ಲಾ ಏಕದಮ್ ಕಾವ ಏರೇತ್ರೀ!"

ಶಾಂಭವಿ ಪರದೆಯತ್ತ ನೋಡಲಿಲ್ಲ. ಮೊದಲು ಗೋಡೆಯ ಗಡಿಯಾರದ ಲೆಕ್ಕ ನೋಡಿದಳು. ಎಪ್ಪತ್ತೆರಡು. ಆಮೇಲೆ ಬೆತ್ತದ ಕುರ್ಚಿಯತ್ತ ನೋಡಿದಳು. ಚುಂಗಪ್ಪ ಕೈಯಲ್ಲಿ ಅರ್ಧ ಸುಲಿದ ಬಟಾಣಿ ಹಿಡಿದು, ಬಾಯಿ ತೆರೆದು, ಬಾಗಿಲತ್ತಲೇ ನೋಡುತ್ತ ಕುಳಿತಿದ್ದ.

"ಕುಂದರು ಮಕ್ತುಮ್. ಮಂದಿ ಆರಾಮ ಅದಾರ. ಕಾಕಾ ಉಸರ ಬಿಡೂದ ಮರತಾರ."

ಲಾನವ್ವ ಬಂದು ಬುಟ್ಟಿಯನ್ನು ಎತ್ತಿಕೊಂಡು ಸ್ಟೂಲಿನ ಮೇಲೆ ಕುಳಿತಳು. ಚುಂಗಪ್ಪ ಆಗ ಉಸಿರು ಬಿಟ್ಟ. ಬೀದರಿನಿಂದ ಬೆಳಗಾವಿಯವರೆಗೆ ದೀಪಗಳು ಒಂದೊಂದಾಗಿ ಹಸಿರಾದವು.